ದ್ರಾಕ್ಷಿ ಪಡದಲ್ಲಿ ಬೇಸಿಗೆಯ ಚಾಟ್ನಿಯೂ ಕಣ್ಣು ಕಟ್ಟುವಿಕೆಯೂ

ವಿಜಯಪುರ, ಬಾಗಲಕೋಟೆ ಜಿಲ್ಲೆಗಳಲ್ಲಿಯೂ ಬೆಳಗಾವಿ ಜಿಲ್ಲೆಯ ಅಥಣಿಯ ಕಡೆಯಲ್ಲಿಯೂ ದ್ರಾಕ್ಷಿಯ ಬಳ್ಳಿಯನ್ನು ವರ್ಷಕ್ಕೆ ಎರಡಾವರ್ತಿ ಸವರಿ ಒಂದು ಫಸಲನ್ನು ತೆಗೆಯುವ ವಾಡಿಕೆಯಿರುವುದು ಸರ್ವರಿಗೂ ತಿಳಿದ ಸಂಗತಿಯೇ. ಈ ಸವರುವಿಕೆಯನ್ನು ಆ ಸೀಮೆಯ ಜನರು ಚಾಟ್ನಿಯೆಂದು ಕರೆಯುವರು. ಅಕ್ಟೋಬರ್ ತಿಂಗಳ ಚಾಟ್ನಿಯೆಂದರೆ ಪಡದಲ್ಲಿ ಹಬ್ಬದ ಸಂಭ್ರಮವು. ಒಡೆಯನು ಬೆಳಗಿನಿಂದ ಸಂಜೆಯ ವರೆಗೂ ಆಳುಗಳ ಬೆನ್ನಹಿಂದೆಯೇ ಇರುವನು. ಯಾವ ಕಡ್ಡಿಯನ್ನು ಎಷ್ಟನೆಯ ಕಣ್ಣಿಗೆ ಕತ್ತರಿಸಬೇಕೆಂದು ನಾಲ್ಕು ಜನ ತಿಳಿದವರನ್ನು ಕರೆದು ಕೇಳುವನು. ಏಪ್ರಿಲ್ ತಿಂಗಳ ಚಾಟ್ನಿಗಾದರೋ ಆ ಮರ್ಯಾದೆ ಇಲ್ಲ. ಹಣ್ಣು ಮಾರಿಹೋಗಿದೆ, ಬಳ್ಳಿಯ ಮೇಲೆ ನೋಡತಕ್ಕದ್ದೇನೂ ಉಳಿದಿಲ್ಲ, ಇನ್ನು ಹಳೆಯ ಕಡ್ಡಿಯನ್ನು ತೆಗೆದು ಚಪ್ಪರವನ್ನು ಚೊಕ್ಕಟಮಾಡಿದರೆ ಸಾಕೆಂದು ಬಹು ಮಂದಿ ಭಾವಿಸಿರುವರು. ಕೆಲಸವನ್ನು ಗುತ್ತಿಗೆಯವರಿಗೆ ಒಪ್ಪಿಸಿ ಮದುವೆ ಜಾತ್ರೆಗಳ ಕಡೆಗೆ ಹೊರಟುಬಿಡುವರು. ಈ ಭಾವನೆಯು ತಪ್ಪಾದದ್ದು. ಅಕ್ಟೋಬರ್ ಚಾಟ್ನಿಯು ಫಸಲನ್ನು ಹೊರಗೆ ಕರೆಯುವ ಕೆಲಸವೇ ಹೊರತು ಫಸಲನ್ನು ಉಂಟುಮಾಡುವ ಕೆಲಸವಲ್ಲ. ಉಂಟಾಗುವುದೂ ಆಗದಿರುವುದೂ ಏಪ್ರಿಲ್ ಮೇ ತಿಂಗಳುಗಳಲ್ಲಿಯೇ ತೀರ್ಮಾನವಾಗಿ ಹೋಗಿರುತ್ತದೆ.

ಇದರ ಕಾರಣವನ್ನು ತಿಳಿಯಬೇಕಾದರೆ ಬಳ್ಳಿಯ ಸ್ವಭಾವವನ್ನು ಸ್ವಲ್ಪ ವಿಚಾರಿಸಬೇಕು. ಫ್ರಾನ್ಸ್, ಇಟಲಿ ಮುಂತಾದ ಚಳಿಯ ಸೀಮೆಗಳಲ್ಲಿ ಶಿಶಿರಕಾಲವು ಬಂದೊಡನೆ ದ್ರಾಕ್ಷಿಯು ಎಲೆಗಳನ್ನೆಲ್ಲಾ ಉದುರಿಸಿ ನಿದ್ರೆಹೋಗುವುದು. ಅಲ್ಲಿಯ ರೈತನು ಆ ನಿದ್ರೆಯ ಕಾಲದಲ್ಲಿ ಒಂದೇ ಸಲ ಸವರುವನು. ವಸಂತದಲ್ಲಿ ಚಿಗುರಿದ ಬಳ್ಳಿಯು ಒಂದೇ ಬೇಸಿಗೆಯಲ್ಲಿ ಈ ವರ್ಷದ ಹಣ್ಣನ್ನು ಬಲಿಸುತ್ತಾ ಮುಂದಿನ ವರ್ಷದ ಹೂವನ್ನೂ ಕಣ್ಣುಗಳೊಳಗೆ ಕಟ್ಟಿಕೊಳ್ಳುವುದು. ದಖ್ಖಣದ ಬಯಲಿನಲ್ಲಿ ಅಂತಹ ಚಳಿಯಿಲ್ಲವಾದ್ದರಿಂದ ಬಳ್ಳಿಗೆ ನಿದ್ರೆಯೂ ಇಲ್ಲ, ಎಲೆ ಉದುರುವ ಕಾಲವೂ ಇಲ್ಲ. ಋತುವು ಮಾಡಬೇಕಾದ ಕೆಲಸವನ್ನು ಇಲ್ಲಿ ಕತ್ತರಿಯೇ ಮಾಡಬೇಕಾಗಿದೆ. ಹಣ್ಣಿಗೆ ಒಣಹವೆಯೂ ತಂಪಾದ ರಾತ್ರಿಗಳೂ ಬೇಕಾದ್ದರಿಂದ ಮಳೆ ಹಿಂದಾದ ಮೇಲೆ ಅಕ್ಟೋಬರ್‌ನಲ್ಲಿ ಸವರಿ ಫೆಬ್ರುವರಿ ಮಾರ್ಚಿಗೆ ಹಣ್ಣನ್ನು ತೆಗೆಯುವರು. ಕಣ್ಣಿನೊಳಗೆ ಹೂ ಕಟ್ಟುವುದಕ್ಕಾದರೋ ಬಿಸಿಲೂ ಶಾಖವೂ ಬೇಕು. ಅದಕ್ಕಾಗಿಯೇ ಏಪ್ರಿಲ್‌ನಲ್ಲಿ ಕಡ್ಡಿಗಳೆಲ್ಲವನ್ನೂ ಒಂದೊಂದು ಕಣ್ಣು ಮಾತ್ರ ಉಳಿಯುವಂತೆ ತೋಳಿನ ಸಮೀಪಕ್ಕೆ ಕತ್ತರಿಸಿ, ಹೊಸ ಕಡ್ಡಿಗಳನ್ನು ಬೆಳೆಸುವರು.

ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರಗಳ ಕಡೆಯಲ್ಲಿ ಬೆಳೆಯುವ ಬೆಂಗಳೂರು ನೀಲಿ ದ್ರಾಕ್ಷಿಯ ಮಾತು ಬೇರೆ. ಆ ಜಾತಿಯು ಕಡ್ಡಿಯ ಬುಡದ ಸಮೀಪದ ಕಣ್ಣುಗಳಲ್ಲಿಯೂ ಹೂವನ್ನು ಕಟ್ಟುವುದಾದ್ದರಿಂದ ಎರಡು ಚಾಟ್ನಿಗೆ ಎರಡು ಫಸಲು ದೊರೆಯುವುದುಂಟು. ಅದನ್ನು ನೋಡಿಬಂದ ಕೆಲವರು ಉತ್ತರದ ಜಿಲ್ಲೆಗಳ ಬೀಜರಹಿತ ಜಾತಿಗಳಲ್ಲಿಯೂ ಹಾಗೆಯೇ ನಡೆಯಬಹುದೆಂದು ಎಣಿಸುವರು. ಥಾಂಸನ್ ಸೀಡ್‌ಲೆಸ್ ಜಾತಿಯಲ್ಲಿಯೂ, ಅದರಿಂದಲೇ ಆಯ್ದು ಬೆಳೆಸಿದ ತಾಸ್-ಎ-ಗಣೇಶ್, ಮಾಣಿಕ್ ಚಮನ್ ಮುಂತಾದವುಗಳಲ್ಲಿಯೂ ಬುಡದ ಒಂದೆರಡು ಕಣ್ಣುಗಳು ಬಹುಮಟ್ಟಿಗೆ ಬಂಜೆಯಾಗಿರುವುವು. ಇವುಗಳಲ್ಲಿ ಬೇಸಿಗೆಯ ಬೆಳವಣಿಗೆಯನ್ನು ಕಳೆದುಕೊಂಡವನು ವರ್ಷವನ್ನೇ ಕಳೆದುಕೊಂಡಂತೆ ಆಯಿತು.

ಹೊಸ ಕಡ್ಡಿಯ ಒಂದೊಂದು ಎಲೆಯ ಕಂಕುಳಲ್ಲಿಯೂ ಒಂದು ಕಣ್ಣಿರುತ್ತದೆ. ಅದರೊಳಗೆ ಮುಂದಿನ ಚಿಗುರು ಅತಿ ಸೂಕ್ಷ್ಮವಾದ ರೂಪದಲ್ಲಿ ಮಡಿಸಿಕೊಂಡಿರುವುದು. ಆ ಚಿಗುರಿನ ಪಕ್ಕದಲ್ಲಿ ಬರಿಗಣ್ಣಿಗೆ ಕಾಣದ ಒಂದು ಗುಬುಟು ಹುಟ್ಟುವುದು. ಈ ಗುಬುಟು ಮೊದಲಿನಲ್ಲಿ ಹೂಗೊಂಚಲೂ ಅಲ್ಲ, ತಂತಿಯನ್ನು ಹಿಡಿದು ಸುತ್ತುವ ನುಲಿಬಳ್ಳಿಯೂ ಅಲ್ಲ. ಎರಡರಲ್ಲಿ ಯಾವುದು ಬೇಕಾದರೂ ಆಗಬಲ್ಲದು. ಬಳ್ಳಿಯಲ್ಲಿ ಆಹಾರದ ಶೇಖರಣೆಯೂ, ಎಲೆಯ ಮೇಲೆ ಬಿಸಿಲೂ ಸಾಕಷ್ಟಿದ್ದರೆ ಗೊಂಚಲಾಗುವುದು. ನೆರಳೋ, ಮೋಡವೋ, ಮಿತಿಮೀರಿದ ನೀರು ಗೊಬ್ಬರಗಳ ಸೊಕ್ಕೋ ಇದ್ದರೆ ನುಲಿಬಳ್ಳಿಯಾಗಿ ಹೋಗುವುದು. ಪಡದಲ್ಲಿ ಕೆಲವು ವರ್ಷ ಅರ್ಧ ಗೊಂಚಲು ಅರ್ಧ ನುಲಿಬಳ್ಳಿಯಾದ ವಿಚಿತ್ರ ಕುಡಿಗಳು ಕಾಣುವುದನ್ನು ರೈತರೆಲ್ಲರೂ ಬಲ್ಲರು. ಅದು ದೃಷ್ಟಿಯ ದೋಷವೂ ಅಲ್ಲ, ಅಕ್ಟೋಬರ್‌ನಲ್ಲಿ ಸವರಿದವನ ಕೈಗುಣವೂ ಅಲ್ಲ; ಐದು ತಿಂಗಳ ಹಿಂದೆ ಕಣ್ಣಿನೊಳಗೆ ಅರೆಮನಸ್ಸಿನಲ್ಲಿ ನಿಂತುಹೋದ ಕೆಲಸವು.

ಈ ತೀರ್ಮಾನವು ನಡೆಯುವ ಕಾಲವು ಏಪ್ರಿಲ್ ಚಾಟ್ನಿಯಾದ ಸುಮಾರು ನಲವತ್ತನೆಯ ದಿನದಿಂದ ಅರವತ್ತನೆಯ ದಿನದ ವರೆಗೆ. ಈಗ ಲೆಕ್ಕವನ್ನು ನೋಡಬಹುದು. ಏಪ್ರಿಲ್ ೧೦ರಲ್ಲಿ ಸವರಿದ ಪಡಕ್ಕೆ ಈ ಇಪ್ಪತ್ತು ದಿನಗಳು ಮೇ ೨೦ರಿಂದ ಜೂನ್ ೯ರ ವರೆಗೆ ಬೀಳುತ್ತವೆ. ಮುಂಗಾರಿನ ಮೋಡವು ಮುಚ್ಚುವುದಕ್ಕೆ ಮುಂಚೆ ಕೆಲಸದ ಬಹುಭಾಗವು ಮುಗಿಯುವುದು. ಮೇ ೫ರಲ್ಲಿ ಸವರಿದ ಪಡಕ್ಕೆ ಅವು ಜೂನ್ ೧೪ರಿಂದ ಜುಲೈ ೪ರ ವರೆಗೆ ಬೀಳುತ್ತವೆ. ಆ ದಿನಗಳಲ್ಲಿ ವಿಜಯಪುರದ ಆಕಾಶವು ಹೇಗಿರುವುದೆಂಬುದನ್ನು ಅಲ್ಲಿಯವರಿಗೆ ಹೇಳಬೇಕಾದ್ದಿಲ್ಲ. ಮಳೆ ಸುರಿಯದಿದ್ದರೂ ಮೋಡವು ಕವಿದಿರುವುದು; ಜೋಳದ ಬಿತ್ತನೆಗೆ ಬೇಕಾದ ಮಳೆಯನ್ನು ಕೊಡದ ಮೋಡವು ದ್ರಾಕ್ಷಿಗೆ ಬೇಕಾದ ಬಿಸಿಲನ್ನು ಮಾತ್ರ ತಪ್ಪದೆ ತಡೆಯುವುದು. ಇಪ್ಪತ್ತೈದು ದಿನಗಳ ಆಲಸ್ಯಕ್ಕೆ ಇಷ್ಟು ದಂಡವಿದೆ.

ಆಲಸ್ಯವೆಂದದ್ದು ಎಲ್ಲರ ವಿಷಯದಲ್ಲಿಯೂ ನ್ಯಾಯವಲ್ಲ. ತಡವಾಗುವುದಕ್ಕೆ ಬಲವಾದ ಕಾರಣವೊಂದುಂಟು, ಅದು ಬೆಲೆ. ತಿಕೋಟಾ, ಬಬಲೇಶ್ವರಗಳ ಕಡೆಯಲ್ಲಿ ಬೆಳೆಯ ದೊಡ್ಡ ಪಾಲು ಒಣದ್ರಾಕ್ಷಿಯಾಗುತ್ತದೆ. ಸುಮಾರು ನಾಲ್ಕು ಕಿಲೋ ಹಣ್ಣಿಗೆ ಒಂದು ಕಿಲೋ ಒಣದ್ರಾಕ್ಷಿ ಬರಬೇಕಾದರೆ ಹಣ್ಣಿನಲ್ಲಿ ಸಕ್ಕರೆಯು ಚೆನ್ನಾಗಿ ಏರಿರಬೇಕು. ಬೇಗ ಕೊಯ್ದರೆ ತೂಕವೂ ಬಣ್ಣವೂ ಕಡಿಮೆ. ಹೀಗಾಗಿ ರೈತನು ಹಣ್ಣನ್ನು ಬಳ್ಳಿಯ ಮೇಲೆಯೇ ಬಿಟ್ಟು ಕಾಯುವನು. ಹಸಿ ಹಣ್ಣನ್ನು ಮಾರುವವನೂ ವರ್ತಕನು ಇನ್ನೆರಡು ರೂಪಾಯಿ ಏರಿಸಿಯಾನೆಂದು ಕಾಯುವನು. ೨೦೨೦ನೆಯ ಇಸವಿಯ ಮಾರ್ಚಿ ೨೫ರಿಂದ ದೇಶವೆಲ್ಲವೂ ಮುಚ್ಚಿದ್ದಾಗ ಕಾಯುವುದು ಬೇಡವೆಂದವರೂ ಕಾಯಬೇಕಾಯಿತು. ಲಾರಿಯಿಲ್ಲ, ಆಳಿಲ್ಲ, ಕೊಳ್ಳುವವರಿಲ್ಲ. ಅಂತಹ ವರ್ಷದ ಮಾತನ್ನು ಬಿಟ್ಟುಬಿಡೋಣವೆಂದರೂ, ಸಾಧಾರಣ ವರ್ಷಗಳಲ್ಲಿ ಕಾಯುವವರು ಲೆಕ್ಕದ ಒಂದು ಮಗ್ಗುಲನ್ನು ಮಾತ್ರ ನೋಡುವರು. ಕೊಯ್ಲಾದ ಮೇಲೆ ಬಳ್ಳಿಗೆ ಹದಿನೈದು ಇಪ್ಪತ್ತು ದಿನಗಳ ವಿಶ್ರಾಂತಿಯೂ ಬೇಕು. ಹಣ್ಣನ್ನು ಹೊತ್ತು ದಣಿದ ಬಳ್ಳಿಯು ಆ ದಿನಗಳಲ್ಲಿ ಎಲೆಯಿಂದ ಆಹಾರವನ್ನು ಸಂಪಾದಿಸಿ ತೋಳು ಬೇರುಗಳಲ್ಲಿ ಇಟ್ಟುಕೊಳ್ಳುವುದು. ಏಪ್ರಿಲ್ ೨೦ರಲ್ಲಿ ಕೊಯ್ದವನು ವಿಶ್ರಾಂತಿ ಕೊಟ್ಟರೆ ಮೋಡಕ್ಕೆ ಸಿಕ್ಕುವನು, ಕೊಡದಿದ್ದರೆ ದುರ್ಬಲವಾದ ಚಿಗುರನ್ನು ಪಡೆಯುವನು. ಈ ವರ್ಷ ಕಿಲೋವಿಗೆ ದೊರೆತ ಎರಡು ರೂಪಾಯಿಯ ಲಾಭವನ್ನು ಬರುವ ವರ್ಷದ ಬಂಜೆ ಕಡ್ಡಿಗಳು ಬಡ್ಡಿಸಮೇತ ವಸೂಲುಮಾಡುವುವು.

ದೊಡ್ಡ ಪಡವುಳ್ಳವರಿಗೆ ಇದಕ್ಕೆ ಒಂದು ದಾರಿಯುಂಟು. ಪಡವನ್ನೆಲ್ಲಾ ಒಟ್ಟಿಗೆ ಕೊಯ್ದು ಒಟ್ಟಿಗೆ ಸವರಬೇಕೆಂಬ ಹಟವನ್ನು ಬಿಟ್ಟು ತಾಕುತಾಕಾಗಿ ವಿಂಗಡಿಸಿಕೊಳ್ಳತಕ್ಕದ್ದು. ಮೊದಲು ಹಣ್ಣಾದ ತಾಕನ್ನು ಮೊದಲು ಕೊಯ್ದು, ವಿಶ್ರಾಂತಿಯ ನಂತರ ಅದನ್ನು ಸವರಿಬಿಡಬೇಕು; ಕೊನೆಯ ತಾಕಿನ ಹಣ್ಣು ಇಳಿಯಲೆಂದು ಕಾಯಕೂಡದು. ಬೆಲೆಗಾಗಿಯೋ ಸಕ್ಕರೆಗಾಗಿಯೋ ಕಾಯಲೇಬೇಕಾದ ತಾಕು ವರ್ಷ ವರ್ಷವೂ ಒಂದೇ ಆಗದಂತೆ ನೋಡಿಕೊಳ್ಳಬೇಕು. ಒಂದೇ ತಾಕನ್ನು ಪ್ರತಿ ಸಲವೂ ಕಡೆಗೆ ತಳ್ಳಿ, ಆ ಮೇಲೆ ಅಲ್ಲಿಯ ಮಣ್ಣೇ ಕೆಟ್ಟದ್ದೆಂದು ದೂರುವವರು ಅಪರೂಪವೇನಲ್ಲ.

ಎರಡನೆಯ ಕಷ್ಟವು ನೀರು. ಏಪ್ರಿಲ್ ಮೇ ತಿಂಗಳುಗಳಲ್ಲಿ ಭಾವಿ ಬತ್ತಿ ಕೊಳವೆಯಲ್ಲಿ ಗಾಳಿ ಬರುವ ಊರುಗಳು ಎಷ್ಟೋ ಇವೆ. ಹಣ್ಣಿಲ್ಲದ ಬಳ್ಳಿಗೆ ಟ್ಯಾಂಕರಿನ ನೀರನ್ನು ಕೊಂಡು ಹಾಕುವುದೇಕೆಂಬ ಪ್ರಶ್ನೆಯು ಸಹಜವಾದದ್ದೇ. ಆದರೆ ಚಾಟ್ನಿಯಾದ ಮೊದಲ ನಲವತ್ತು ದಿನಗಳಲ್ಲಿ ನೀರಿಲ್ಲದೆ ಕುಂಠಿತವಾದ ಚಿಗುರು ಹೂವನ್ನು ಕಟ್ಟಲಾರದು. ಮೇವಿಲ್ಲದ ಗಬ್ಬದ ಹಸುವಿನಿಂದ ಒಳ್ಳೆಯ ಕರುವನ್ನು ನಿರೀಕ್ಷಿಸಿದಂತೆಯೇ ಇದು. ನಲವತ್ತು ದಿನಗಳಾದ ಮೇಲಾದರೋ ನೀರನ್ನು ಸ್ವಲ್ಪ ಹಿಡಿಯುವುದು ಒಳ್ಳೆಯದು. ಆಗ ಚಿಗುರಿನ ಓಟವು ತಗ್ಗಿ, ಆಹಾರವು ಕಣ್ಣುಗಳಿಗೆ ಸೇರುವುದು. ಹೀಗೆ ಮೊದಲು ಧಾರಾಳವಾಗಿಯೂ ಆಮೇಲೆ ಬಿಗಿಯಾಗಿಯೂ ಕೊಡಬೇಕಾದ ನೀರನ್ನು ಅನೇಕರು ತಿರುಗುಮುರುಗಾಗಿ ಕೊಡುತ್ತಿರುವರು: ಬೇಸಿಗೆಯಲ್ಲಿ ಒಣಗಿಸಿ, ಜೂನಿನಲ್ಲಿ ಮಳೆಯ ನೀರು ಬಂದೊಡನೆ ಯೂರಿಯಾವನ್ನೂ ಸೇರಿಸಿ ತುಂಬಿಸುವುದು. ಸಾಲುಗಳಲ್ಲಿ ಬಳ್ಳಿಯ ಬುಡಕ್ಕೆ ಕಬ್ಬಿನ ರವದಿಯನ್ನು ದಪ್ಪವಾಗಿ ಹೊದಿಸಿದರೆ ಇದ್ದ ನೀರೇ ಹೆಚ್ಚು ದಿನ ಬರುತ್ತದೆ. ಕಾರ್ಖಾನೆಗೆ ಕಬ್ಬನ್ನು ಕಳುಹಿಸಿ ರವದಿಗೆ ಬೆಂಕಿಯಿಡುವ ಪಕ್ಕದ ಹೊಲದವನು ಅದನ್ನು ಬೇಡವೆನ್ನದೆ ಕೊಟ್ಟಾನು.

ಇನ್ನು ಚಿಗುರನ್ನು ವಿರಳಗೊಳಿಸುವ ವಿಷಯ. ಗುತ್ತಿಗೆಯಿಂದ ಕೆಡುವ ಕೆಲಸಗಳಲ್ಲಿ ಇದೇ ಮೊದಲನೆಯದು. ಏಪ್ರಿಲ್ ಚಾಟ್ನಿಯಾದ ಮೇಲೆ ಒಂದು ಬಳ್ಳಿಯಲ್ಲಿ ಎಂಬತ್ತು ತೊಂಬತ್ತು ಚಿಗುರುಗಳು ಹೊರಡಬಹುದು. ಸಾಲಿನಿಂದ ಸಾಲಿಗೆ ಹತ್ತು ಅಡಿ, ಬಳ್ಳಿಯಿಂದ ಬಳ್ಳಿಗೆ ಆರು ಅಡಿಯಿರುವ ಪಡದಲ್ಲಿ ಮೂವತ್ತೈದು ನಲವತ್ತು ಕಡ್ಡಿಗಳಿಗಿಂತ ಹೆಚ್ಚಿಗೆ ಬಿಸಿಲು ಸಾಲದು. ಮಿಕ್ಕವುಗಳನ್ನು ನಾಲ್ಕೈದು ಎಲೆಯಿರುವಾಗಲೇ ಕೈಯಿಂದ ಮುರಿದು ತೆಗೆಯಬೇಕು. ತೆಗೆಯುವವರಿಗೆ ಬಳ್ಳಿಗೆ ಇಷ್ಟೆಂದು ಕೂಲಿ ಗೊತ್ತಾಗಿರುವುದರಿಂದ ಅವರು ಕೈಗೆ ಸುಲಭವಾಗಿ ಸಿಕ್ಕಿದವುಗಳನ್ನು ಮುರಿದು ಮುಂದೆ ಹೋಗುವರು. ತೋಳಿನ ಒಂದು ಭಾಗದಲ್ಲಿ ಗುಂಪಾಗಿಯೂ ಇನ್ನೊಂದು ಭಾಗದಲ್ಲಿ ಬೋಳಾಗಿಯೂ ಉಳಿಯುವುದು. ಅವರನ್ನು ದೂರುವುದು ಸರಿಯಲ್ಲ. ಬೇಗ ಮುಗಿಸಿದರೆ ಹೆಚ್ಚು ಕೂಲಿಯೆಂದು ಗೊತ್ತುಮಾಡಿದವನು ಒಡೆಯನೇ. ಒಡೆಯನಿಗಾದರೋ ಮುರಿದ ಚಿಗುರನ್ನು ನೋಡಿದರೆ ಹೊಟ್ಟೆ ಉರಿಯುವುದು. ಇರಲಿ, ನಾಲ್ಕು ಕಡ್ಡಿ ಹೆಚ್ಚಿದ್ದರೆ ನಾಲ್ಕು ಗೊಂಚಲು ಹೆಚ್ಚು ಬಂದೀತೆಂಬ ಆಶೆಯು. ಒಂದರ ನೆರಳು ಇನ್ನೊಂದರ ಮೇಲೆ ಬಿದ್ದು ಎರಡೂ ಬಂಜೆಯಾಗುವುವು.

ಉದಾಹರಣೆಗಾಗಿ ಒಂದು ಲೆಕ್ಕ. ಮೇಲ್ಕಂಡ ಅಂತರದಲ್ಲಿ ಎಕರೆಗೆ ೭೨೬ ಬಳ್ಳಿಗಳು ಕೂರುತ್ತವೆ. ಬಳ್ಳಿಗೆ ೪೦ರಂತೆ ೨೯,೦೪೦ ಕಡ್ಡಿಗಳಾದುವು. ನೆರಳಿನಿಂದ ಬಳ್ಳಿಗೆ ಹತ್ತು ಕಡ್ಡಿಗಳು ಬಂಜೆಯಾದರೆ ಎಕರೆಗೆ ೭,೨೬೦ ಕಡ್ಡಿಗಳು ಹೋದುವು. ಕಡ್ಡಿಗೆ ೩೦೦ ಗ್ರಾಮಿನ ಒಂದೇ ಗೊಂಚಲೆಂದು ಹಿಡಿದರೂ ನಷ್ಟವು ೨,೧೭೮ ಕಿಲೋ ಹಣ್ಣು. ದಿನಗೂಲಿಯ ಮೇಲೆ ನಾಲ್ಕಾರು ಹೆಣ್ಣಾಳುಗಳನ್ನು ಇಟ್ಟು, ಒಡೆಯನೋ ಮನೆಯವರಲ್ಲಿ ಒಬ್ಬರೋ ಜೊತೆಯಲ್ಲಿ ನಿಂತು, ಬಿಡುವ ಚಿಗುರನ್ನು ಬೆರಳಿಟ್ಟು ತೋರಿಸಿ ತೆಗೆಸಿದರೆ ಆಗುವ ಖರ್ಚು ಇದರ ಮುಂದೆ ಎಷ್ಟರದು? ನಡುಮಧ್ಯಾಹ್ನದಲ್ಲಿ ಚಪ್ಪರದ ಕೆಳಗೆ ನಿಂತು ನೋಡಿದಾಗ ನೆಲದ ಮೇಲೆ ಬಿಸಿಲಿನ ಚುಕ್ಕೆಗಳು ಎಲ್ಲೆಡೆಯಲ್ಲಿಯೂ ಬಿದ್ದಿರಬೇಕು. ಗುಡಿಯ ಗರ್ಭಗೃಹದಂತೆ ಕತ್ತಲೆಯಿದ್ದರೆ ಮರುದಿನವೇ ಆಳುಗಳನ್ನು ಕರೆಯತಕ್ಕದ್ದು.

ಉಳಿಸಿದ ಕಡ್ಡಿಯನ್ನು ತನ್ನಿಷ್ಟಕ್ಕೆ ಓಡಲು ಬಿಡುವುದೂ ತಪ್ಪು. ಎಂಟೊಂಬತ್ತು ಎಲೆಗಳಾದಾಗ ಏಳನೆಯ ಎಲೆಯ ಮೇಲೆ ತುದಿಯನ್ನು ಚಿವುಟಿದರೆ ಆ ಗಿಣ್ಣಿನಿಂದ ಪಕ್ಕದ ಚಿಗುರು ಹೊರಟು ಕಡ್ಡಿಯು ಮುಂದುವರಿಯುವುದು; ಅದಕ್ಕೆ ಐದು ಎಲೆಗಳಾದ ಮೇಲೆ ಮತ್ತೆ ಚಿವುಟಬೇಕು. ಚಿವುಟಿದಾಗ ಓಟವು ನಿಂತು, ಆ ಗಂಟಿನ ಅಕ್ಕಪಕ್ಕದ ಕಣ್ಣುಗಳು ಪುಷ್ಟವಾಗಿ ಹೂವನ್ನು ಕಟ್ಟುವುವು. ಕೆಳಗಿನ ಕಂಕುಳುಗಳಿಂದ ಬರುವ ಇತರ ಚಿಗುರುಗಳನ್ನು ತೆಗೆಯುತ್ತಿರಬೇಕು. ಆದರೆ ಇದನ್ನು ಎಲ್ಲಾ ಪಡಗಳಿಗೂ ಮಂತ್ರದಂತೆ ಅನ್ವಯಿಸುವುದು ಉಚಿತವಲ್ಲ. ಬರಡು ನೆಲದ ಸಣಕಲು ಬಳ್ಳಿಯಲ್ಲಿ ಚಿವುಟಿದರೆ ಕಡ್ಡಿಯು ಅಲ್ಲಿಯೇ ಸೊರಗಿ ನಿಲ್ಲುವುದುಂಟು. ಅಂತಹದನ್ನು ನೇರವಾಗಿಯೇ ಬೆಳೆಯಬಿಟ್ಟು ಕೊನೆಯಲ್ಲಿ ಒಮ್ಮೆ ತುದಿಯನ್ನು ನಿಲ್ಲಿಸಿದರೆ ಸಾಕು. ಪೆನ್ಸಿಲಿನಷ್ಟು ದಪ್ಪವಾಗಿ, ಮಾಗಿ ಕಂದುಬಣ್ಣಕ್ಕೆ ತಿರುಗಿದ ಕಡ್ಡಿಯೇ ಒಳ್ಳೆಯದು; ಕಿರುಬೆರಳಿಗಿಂತ ದಪ್ಪವಾಗಿ ಸೊಕ್ಕಿದ್ದು ಹೆಚ್ಚು ಫಲವನ್ನು ಕೊಡಲಾರದು.

ಔಷಧಗಳ ವಿಷಯದಲ್ಲಿ ಎರಡು ಮಾತುಗಳು ಅವಶ್ಯಕವಾಗಿವೆ. ಚಿಗುರಿನ ಓಟವನ್ನು ತಗ್ಗಿಸುವುದಕ್ಕೆ ಕ್ಲೋರ್‌ಮೆಕ್ವಾಟ್, ಅಂದರೆ ರೈತರು ಸಿ.ಸಿ.ಸಿ. ಎಂದು ಕರೆಯುವ ದ್ರಾವಣವನ್ನು ಸಿಂಪಡಿಸುವ ರೂಢಿ ಬಹುಕಾಲದಿಂದ ಇದೆ. ಕತ್ತರಿಯಿಂದಲೂ ಬೆರಳಿನಿಂದಲೂ ಆಗಬೇಕಾದ ಕೆಲಸವನ್ನು ಡಬ್ಬಿಯಿಂದ ಮಾಡಿಸುವ ಆಶೆಯು ಹೆಚ್ಚಿ, ಹೇಳಿದ್ದಕ್ಕಿಂತ ಹೆಚ್ಚು ಸಿಂಪಡಿಸಿದವರುಂಟು. ೨೦೧೦ನೆಯ ಇಸವಿಯಲ್ಲಿ ಭಾರತದಿಂದ ಯೂರೋಪಿಗೆ ಹೋದ ದ್ರಾಕ್ಷಿಯಲ್ಲಿ ಈ ವಸ್ತುವಿನ ಶೇಷವು ಕಂಡುಬಂದು ಸರಕು ತಿರಸ್ಕೃತವಾಯಿತು. ಬೇಸಿಗೆಯಲ್ಲಿ ಎಲೆಗೆ ಹೊಡೆದದ್ದು ಮುಂದಿನ ಹಣ್ಣಿನಲ್ಲಿ ಸಾಕ್ಷಿ ಹೇಳಿದ ಹಾಗಾಯಿತು. ವಿರಳಗೊಳಿಸುವುದು, ಚಿವುಟುವುದು, ನೀರನ್ನು ಹಿಡಿಯುವುದು, ಆ ಇಪ್ಪತ್ತು ದಿನ ಸಾರಜನಕದ ಗೊಬ್ಬರವನ್ನು ನಿಲ್ಲಿಸುವುದು ಈ ನಾಲ್ಕು ಸರಿಯಾಗಿ ನಡೆದರೆ ಆ ಡಬ್ಬಿಯ ಅಗತ್ಯವೇ ಬಹಳ ಕಡಿಮೆ. ಹಾಗೆಯೇ ಅಕ್ಟೋಬರ್‌ನಲ್ಲಿ ಕಣ್ಣುಗಳಿಗೆ ಹಚ್ಚುವ ಹೈಡ್ರೋಜನ್ ಸಯನಮೈಡ್ ಮಲಗಿದ ಕಣ್ಣುಗಳನ್ನು ಒಟ್ಟಿಗೆ ಎಬ್ಬಿಸುವುದೇ ಹೊರತು ಬಂಜೆ ಕಣ್ಣಿನಲ್ಲಿ ಹೂವನ್ನು ಹುಟ್ಟಿಸದು. ಅದನ್ನು ಹಚ್ಚುವ ಆಳುಗಳಿಗೆ ಕೈಚೀಲವನ್ನು ಕೊಡಿಸುವುದು ಒಡೆಯನ ಧರ್ಮವು. ಹಚ್ಚುವ ದಿನದಲ್ಲಿಯೂ ಅದರ ಹಿಂದುಮುಂದಿನ ದಿನಗಳಲ್ಲಿಯೂ ಅವರು ಮದ್ಯವನ್ನು ಮುಟ್ಟದಂತೆ ಎಚ್ಚರಿಸತಕ್ಕದ್ದು. ಆ ಎರಡೂ ಮೈಯಲ್ಲಿ ಕೂಡಿದರೆ ಪ್ರಾಣಕ್ಕೆ ಅಪಾಯವುಂಟು.

ಸೆಪ್ಟೆಂಬರ್ ಕೊನೆಯಲ್ಲಿ ಕಡ್ಡಿಗಳ ಮಾದರಿಯನ್ನು ಪ್ರಯೋಗಾಲಯಕ್ಕೆ ಒಯ್ದು ಕಣ್ಣುಗಳನ್ನು ಸೀಳಿ ಸೂಕ್ಷ್ಮದರ್ಶಕದಲ್ಲಿ ನೋಡಿಸುವ ಪದ್ಧತಿಯು ಈಚೆಗೆ ಹರಡುತ್ತಿರುವುದು ಸಂತೋಷಕರವಾದದ್ದು. ಎಷ್ಟನೆಯ ಕಣ್ಣಿನಲ್ಲಿ ಗೊಂಚಲಿದೆಯೆಂದು ತಿಳಿದರೆ ಅದರ ಮೇಲೆ ಒಂದು ಕಣ್ಣನ್ನು ಬಿಟ್ಟು ಧೈರ್ಯವಾಗಿ ಕತ್ತರಿಸಬಹುದು. ಮಾದರಿಯನ್ನು ಬಾಗಿಲ ಬಳಿಯ ಎರಡು ಬಳ್ಳಿಗಳಿಂದ ಮುರಿದುಕೊಂಡು ಹೋಗುವುದರಲ್ಲಿ ಅರ್ಥವಿಲ್ಲ. ಪಡದ ಎಲ್ಲಾ ಮೂಲೆಗಳಿಂದಲೂ, ದಪ್ಪವಾದವುಗಳನ್ನೂ ತೆಳುವಾದವುಗಳನ್ನೂ ಆಯಬೇಕು. ಆದರೂ ಈ ಪರೀಕ್ಷೆಯು ಮೇ ತಿಂಗಳಿನಲ್ಲಿ ನಡೆದುಹೋದದ್ದರ ವರದಿಯೇ ಹೊರತು ಬೇರೆಯಲ್ಲ. ವರದಿಯು ಕೆಟ್ಟದ್ದಾಗಿ ಬಂದರೆ ಪ್ರಯೋಗಾಲಯವನ್ನು ಬದಲಾಯಿಸಿ ಪ್ರಯೋಜನವಿಲ್ಲ.

ಗ್ರಾಮದ ಮುಖಂಡರಾದವರು ಈ ವಿಷಯದಲ್ಲಿ ಮಾಡಬಹುದಾದ್ದು ಬಹಳವಿದೆ. ಕತ್ತರಿ ಹಿಡಿಯಬಲ್ಲ ಆಳುಗಳ ತಂಡಗಳು ಕೆಲವೇ. ಏಪ್ರಿಲ್ ಬಂದಾಗ ಊರಿನವರೆಲ್ಲರೂ ಅವರನ್ನೇ ಎಳೆದಾಡುವರು, ಹೆಚ್ಚು ಕೂಲಿ ಕೊಟ್ಟವನ ಪಡಕ್ಕೆ ಅವರು ಮೊದಲು ಹೋಗುವರು, ಎರಡು ಎಕರೆಯ ಸಣ್ಣ ಹಿಡುವಳಿದಾರನ ಸರದಿಯು ಮೇ ತಿಂಗಳಿಗೆ ಬರುವುದು. ಮೋಡದ ದಂಡವನ್ನು ಹೀಗೆ ಬಡವನೇ ತೆರಬೇಕಾಗಿದೆ. ಮಾರ್ಚಿಯಲ್ಲಿಯೇ ಪಡವುಳ್ಳವರೆಲ್ಲರೂ ಚಾವಡಿಯಲ್ಲಿ ಸೇರಿ, ಯಾರ ಹಣ್ಣು ಎಂದು ಇಳಿಯುವುದೆಂಬುದನ್ನು ನೋಡಿ, ಕೂಲಿಯನ್ನೂ ಸರದಿಯನ್ನೂ ಗೊತ್ತುಮಾಡಿಕೊಳ್ಳುವುದು ಅಸಾಧ್ಯವಾದ ಕೆಲಸವಲ್ಲ; ಕಾಲುವೆಯ ನೀರಿನ ಸರದಿಯನ್ನು ಗೊತ್ತುಮಾಡಬಲ್ಲ ಊರು ಇದನ್ನೂ ಮಾಡಬಲ್ಲದು. ಊರಿನ ಹತ್ತು ಮಂದಿ ತರುಣ ತರುಣಿಯರಿಗೆ ಈ ಕೆಲಸವನ್ನು ಕಲಿಸುವ ಏರ್ಪಾಡು ಆದರೆ ಇನ್ನೂ ಒಳ್ಳೆಯದು. ಕಲಿಸುವುದಾದರೆ ಮೇ ತಿಂಗಳಿನಲ್ಲಿ, ಚಿಗುರು ನಾಲ್ಕೆಲೆಯಾಗಿರುವ ಪಡದಲ್ಲಿಯೇ ಕಲಿಸಬೇಕು. ಸಭಾಮಂಟಪದಲ್ಲಿ ಕುರ್ಚಿಯ ಮೇಲೆ ಕೂತು ಚಿಗುರು ಮುರಿಯುವುದನ್ನು ಕಲಿತವರು ಯಾರೂ ಇಲ್ಲ.

ಈ ವರ್ಷ ಆಗಲೇ ತಡವಾಗಿ ಸವರಿರುವವರು ಕೈಚೆಲ್ಲಿ ಕೂಡಬೇಕಾದ್ದಿಲ್ಲ. ಅಂತಹವರು ಇತರರಿಗಿಂತ ಕಡಿಮೆ ಕಡ್ಡಿಗಳನ್ನು ಉಳಿಸಿ, ಇದ್ದ ಬಿಸಿಲೆಲ್ಲವೂ ಅವುಗಳಿಗೇ ದೊರೆಯುವಂತೆ ಮಾಡಬೇಕು. ಮಳೆಯ ದಿನಗಳಲ್ಲಿ ಯೂರಿಯಾವನ್ನು ಸಂಪೂರ್ಣವಾಗಿ ನಿಲ್ಲಿಸಬೇಕು. ಕಣ್ಣಿನ ಪರೀಕ್ಷೆಯನ್ನು ತಪ್ಪದೆ ಮಾಡಿಸಿ, ಬುಡದ ಕಣ್ಣುಗಳು ಬಂಜೆಯೆಂದು ಗೊತ್ತಾದರೆ ಅಕ್ಟೋಬರ್‌ನಲ್ಲಿ ವಾಡಿಕೆಗಿಂತ ಎರಡು ಮೂರು ಕಣ್ಣು ಮೇಲಕ್ಕೆ ಕತ್ತರಿಸಬೇಕು. ಕಡ್ಡಿಯು ಉದ್ದವಾಗಿ ಚಪ್ಪರವು ಸ್ವಲ್ಪ ಅಸಹ್ಯವಾಗಿ ಕಂಡೀತು. ಫಸಲು ಪೂರ್ಣವಾಗಿ ಬರಲಾರದು, ಆದರೂ ಬ್ಯಾಂಕಿನ ಕಂತಿಗೂ ಆಳುಗಳ ಬಾಕಿಗೂ ಆಗುವಷ್ಟು ಬರಬಹುದು.